ಪುಟ್ಟಣ್ಣ ಕಣಗಾಲ್ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ್ಟಣ್ಣನವರ ಸಿನಿಮಾಗಳ ಬಗ್ಗೆ ಮಾತು ಶುರುವಾದರೆ ನಾನು ಬೇಗ ನಿಲ್ಲಿಸುವುದಿಲ್ಲ ಎಂದು ಮನೆಯವರಿಗೂ ಗೆಳೆಯರಿಗೂ ಗೊತ್ತು. ಹಾಗಾಗಿ ಯಾರಿಗಾದರೂ ಅನುಮಾನ ಬಂದರೆ ನನ್ನ ಕಡೆಗೇ ಕಳುಹಿಸುತ್ತಾರೆ. ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಅಭಿಮಾನ ಇದೆ, ಒಂದೆರಡು ಕಡೆ ಜಗಳವೂ ಇದೆ.

ಪುಟ್ಟಣ್ಣ ಕಣಗಾಲ್ ಯಾರು? ಚಿಕ್ಕದಾಗಿ ಹೇಳಿ.

ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ಬಳಿಯ ಕಣಗಾಲಿನಲ್ಲಿ. ಮನೆಯವರು ಇಟ್ಟ ಹೆಸರು ಸೀತಾರಾಮ ಶರ್ಮ. ಗೀತರಚನೆಕಾರ ಕಣಗಾಲ್ ಪ್ರಭಾಕರ ಶಾಸ್ತ್ರಿ ಇವರಿಗೆ ಅಣ್ಣ. ನಿರ್ದೇಶಕ ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತರು. 1967ರಿಂದ 1985ರವರೆಗೆ, ಅಂದರೆ ಹದಿನೆಂಟೇ ವರ್ಷಗಳಲ್ಲಿ, ಕನ್ನಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದರು. 1985ರ ಜೂನ್ 5ರಂದು ತೀರಿಕೊಂಡಾಗ ಅವರಿಗೆ ಐವತ್ತೊಂದು ವರ್ಷ. ಕನ್ನಡ ಪ್ರೇಕ್ಷಕರು ನಾಯಕನ ಹೆಸರನ್ನು ಬಿಟ್ಟು ನಿರ್ದೇಶಕನ ಹೆಸರು ನೋಡಿ ಟಿಕೆಟ್ ಕೊಳ್ಳುವಂತೆ ಮಾಡಿದವರಲ್ಲಿ ಅವರದು ಮೊದಲ ಸಾಲು. ‘ಚಿತ್ರಬ್ರಹ್ಮ’ ಎಂಬ ಬಿರುದನ್ನು ಇಂದಿಗೂ ಅವರ ಹೆಸರಿನ ಹಿಂದೆ ಸೇರಿಸುತ್ತಾರೆ. ನನಗೆ ಬಿರುದುಗಳೆಂದರೆ ಅಷ್ಟಕ್ಕಷ್ಟೇ. ಪುಟ್ಟಣ್ಣ ಎಂದರೆ ಸಾಕು, ಯಾವ ಪುಟ್ಟಣ್ಣ ಎಂದು ಯಾರೂ ಕೇಳುವುದಿಲ್ಲ.

ಅವರ ಒಂದು ಚಿತ್ರವನ್ನೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?

ಎಲ್ಲರೂ ‘ನಾಗರಹಾವು’ ಎನ್ನುತ್ತಾರೆ. ನಾನು ‘ಬೆಳ್ಳಿಮೋಡ’ (1967) ಎನ್ನುತ್ತೇನೆ.

ತ್ರಿವೇಣಿಯವರ ಕಾದಂಬರಿ ಆಧರಿಸಿದ ಕಪ್ಪು ಬಿಳುಪಿನ ಚಿತ್ರ. ಚಿಕ್ಕಮಗಳೂರಿನ ಕಡೆಯ ಮಲೆನಾಡು, ಕಾಫಿ ತೋಟ, ಬೆಟ್ಟಕ್ಕೆ ಅಂಟಿಕೊಂಡ ಮಂಜು. ತೋಟದ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲು ಒಪ್ಪಿದ ಮೋಹನ್ ಭಾವೀ ಮಾವನ ದುಡ್ಡಿನಲ್ಲಿಯೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಂದಿರಾಳ ತಾಯಿ ಬಹಳ ತಡವಾಗಿ ಒಂದು ಗಂಡುಮಗುವನ್ನು ಹೆತ್ತು ಕಣ್ಣು ಮುಚ್ಚುತ್ತಾಳೆ. ಆಸ್ತಿಗೆ ವಾರಸುದಾರ ಬಂದ. ತಿರುಗಿ ಬಂದ ಮೋಹನನಿಗೆ ಇದ್ದಕ್ಕಿದ್ದಂತೆ ಮದುವೆ ಬೇಡವಾಗುತ್ತದೆ. ಆಮೇಲೆ ಅವನೇ ಪೆಟ್ಟು ತಿಂದು ಅದೇ ಮನೆಯಲ್ಲಿ ಮಲಗಬೇಕಾಗುತ್ತದೆ. ಇಂದಿರಾ ಅವನ ಸೇವೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ. ಮದುವೆಯಾಗೋಣ ಎನ್ನುತ್ತಾನೆ.

ಆ ಕಾಲದ ಯಾವ ಚಿತ್ರವಾದರೂ ಇಲ್ಲಿ ನಾದಸ್ವರ ಊದಿಸಿ ಅಕ್ಷತೆ ಹಾಕಿಸಿಬಿಡುತ್ತಿತ್ತು. ಇಂದಿರಾ ಬೇಡ ಎನ್ನುತ್ತಾಳೆ. ಕೋಪದಿಂದಲ್ಲ, ಸೇಡಿನಿಂದಲೂ ಅಲ್ಲ. ಅವನ ಮೇಲಿದ್ದ ಗೌರವ ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿದೆ. ಇಂದಿರಾ ಪಾತ್ರದ ಕಲ್ಪನಾ ಆ ನಿರಾಕರಣೆಯನ್ನು ಹೇಳುವಾಗ ಮುಖದಲ್ಲಿ ದಣಿವಿದೆ, ಒಂದು ಬಗೆಯ ನಿರಾಳವೂ ಇದೆ. ಪುಟ್ಟಣ್ಣ ಮುಂದೆ ಮಾಡಿದ್ದರ ಬೀಜ ಪೂರ್ತಿಯಾಗಿ ಇಲ್ಲಿದೆ: ಕಾದಂಬರಿ, ಬೆಟ್ಟ, ಹೆಣ್ಣಿನ ಮನಸ್ಸು, ಮತ್ತು ಪ್ರೇಕ್ಷಕನಿಗೆ ಬೇಕಾದ ಮುಕ್ತಾಯವನ್ನು ಕೊಡದಿರುವ ಹಟ.

ಹಾಗಾದರೆ ‘ಬೆಳ್ಳಿಮೋಡ’ವೇ ಅವರ ಮೊದಲ ಚಿತ್ರವೇ?

ಕನ್ನಡದಲ್ಲಿ ಹೌದು. ಅದಕ್ಕೂ ಮೊದಲು ಮಲಯಾಳದಲ್ಲಿ ಕೈ ಪಳಗಿಸಿಕೊಂಡಿದ್ದರು. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಚಿತ್ರದ ಮಲಯಾಳ ರೂಪವನ್ನು 1964ರಲ್ಲಿ ನಿರ್ದೇಶಿಸಿದವರು ಪುಟ್ಟಣ್ಣ. 1966ರ ‘ಪೂಚಕ್ಕಣ್ಣಿ’ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯ ಚಿತ್ರರೂಪ. ಅಂದರೆ ತ್ರಿವೇಣಿಯವರನ್ನು ಅವರು ಮೊದಲು ತೆರೆಗೆ ತಂದದ್ದು ಕನ್ನಡದಲ್ಲಲ್ಲ, ಮಲಯಾಳದಲ್ಲಿ. ಇದನ್ನು ಹೇಳಿದಾಗ ಹಳೆಯ ಅಭಿಮಾನಿಗಳೂ ಹುಬ್ಬೇರಿಸುತ್ತಾರೆ.

ಅವರ ಚಿತ್ರಗಳೆಲ್ಲ ಕಾದಂಬರಿ ಆಧರಿಸಿದವೇ?

ಎಲ್ಲವೂ ಅಲ್ಲ, ಆದರೆ ನಾವು ನೆನೆಯುವ ಬಹುಪಾಲು ಚಿತ್ರಗಳು ಹೌದು. ‘ಬೆಳ್ಳಿಮೋಡ’, ‘ಶರಪಂಜರ’ ತ್ರಿವೇಣಿಯವರದು. ‘ಗೆಜ್ಜೆಪೂಜೆ’ ಎಂ. ಕೆ. ಇಂದಿರಾ ಅವರದು. ‘ನಾಗರಹಾವು’ ತ. ರಾ. ಸು. ಅವರದು. ‘ಎಡಕಲ್ಲು ಗುಡ್ಡದ ಮೇಲೆ’ ಭಾರತೀಸುತರದು. ‘ಶುಭಮಂಗಳ’ ವಾಣಿಯವರದು. ‘ರಂಗನಾಯಕಿ’ ಅಶ್ವತ್ಥರದು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ ‘ಕಾಲೇಜು ರಂಗ’ವನ್ನೂ ಬಿಡಲಿಲ್ಲ.

ಅರವತ್ತು ಎಪ್ಪತ್ತರ ದಶಕಗಳಲ್ಲಿ ಕನ್ನಡದ ಮನೆಗಳಲ್ಲಿ ಕಾದಂಬರಿ ಓದುತ್ತಿದ್ದವರು ಬಹುಪಾಲು ಹೆಣ್ಣುಮಕ್ಕಳು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ, ಹೊದಿಕೆ ಹರಿದು, ಮೂಲೆಗಳು ಮಡಿಚಿ, ಅಲ್ಲಲ್ಲಿ ಅರಿಸಿನದ ಬೆರಳ ಗುರುತು ಹೊತ್ತು ತಿರುಗುತ್ತಿತ್ತು. ನಮ್ಮ ಮನೆಯಲ್ಲಿದ್ದ ‘ಶರಪಂಜರ’ದ ಪ್ರತಿಗೆ ಕೊನೆಯ ನಾಲ್ಕು ಹಾಳೆಗಳೇ ಇರಲಿಲ್ಲ. ಆ ಓದುಗರು ಟಾಕೀಸಿಗೆ ಬರುತ್ತಾರೆ ಎಂಬುದನ್ನು ಪುಟ್ಟಣ್ಣ ಬೇರೆಯವರಿಗಿಂತ ಚೆನ್ನಾಗಿ ಅರಿತಿದ್ದರು. ಬೇಸರದ ಸಂಗತಿ ಎಂದರೆ, 1963ರಲ್ಲಿಯೇ ತೀರಿಕೊಂಡ ತ್ರಿವೇಣಿಯವರು ತಮ್ಮ ಕಥೆಯ ಈ ಯಾವ ಚಿತ್ರವನ್ನೂ ನೋಡಲಿಲ್ಲ.

ತ. ರಾ. ಸು. ಅವರಿಗೆ ‘ನಾಗರಹಾವು’ ಚಿತ್ರ ಇಷ್ಟವಾಗಲಿಲ್ಲವಂತೆ, ನಿಜವೇ?

ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ಹೇಳಿದರೆಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ಮಾತು ಎಷ್ಟು ಚೆಂದ ಇದೆಯೆಂದರೆ ಯಾರಿಗೂ ಅದನ್ನು ಬಿಡಲು ಮನಸ್ಸಿಲ್ಲ. ಲೇಖಕರ ಅಸಮಾಧಾನ ನನಗೆ ಅರ್ಥವಾಗುತ್ತದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹಿಂಡಿ ಒಂದು ಚಿತ್ರ ಮಾಡಿದರೆ ಎಷ್ಟೋ ಸಂಗತಿ ಹೊರಗುಳಿಯಲೇಬೇಕು. ಬರೆದವರಿಗೆ ಹೊರಗುಳಿದದ್ದೇ ಕಣ್ಣಿಗೆ ಬೀಳುತ್ತದೆ.

‘ನಾಗರಹಾವು’ ಅಷ್ಟು ದೊಡ್ಡದಾಗಿ ಉಳಿದದ್ದು ಏಕೆ?

1972ರ ಈ ಚಿತ್ರವನ್ನು ಎನ್. ವೀರಾಸ್ವಾಮಿಯವರು ನಿರ್ಮಿಸಿದರು. ಸಂಪತ್ ಕುಮಾರ್ ಎಂಬ ಯುವಕ ಇದರಿಂದ ವಿಷ್ಣುವರ್ಧನ್ ಆದರು. ಅದಕ್ಕೆ ಮೊದಲು ‘ವಂಶವೃಕ್ಷ’ದಲ್ಲಿ ಸಣ್ಣ ಪಾತ್ರ ಮಾಡಿದ್ದರು, ಆದರೆ ಮನೆಮಾತಾದದ್ದು ಈ ಚಿತ್ರದ ನಾಯಕ ರಾಮಾಚಾರಿಯಾಗಿ. ಜಲೀಲನಾಗಿ ಕೆಲವೇ ನಿಮಿಷ ಬಂದು ಹೋಗುವ ಅಂಬರೀಶ್‌ಗೂ ಇದೇ ಮೊದಲ ಚಿತ್ರ. ಅವರು ರಾಮಾಚಾರಿಯ ಪ್ರೇಯಸಿ ಅಲಮೇಲುವನ್ನು ಅಡ್ಡಗಟ್ಟಿ ಆಡುವ ‘ಬುಲ್ ಬುಲ್’ ಸಂಭಾಷಣೆಯನ್ನು ಚಿತ್ರ ನೋಡದವರೂ ಹೇಳುತ್ತಾರೆ.

ಆದರೆ ತಾರೆಯರು ಹುಟ್ಟಿದ್ದರಿಂದಷ್ಟೇ ಚಿತ್ರ ಉಳಿಯುವುದಿಲ್ಲ. ಇದು ಮೇಷ್ಟ್ರು ಮತ್ತು ಶಿಷ್ಯನ ಕಥೆ. ಕೆ. ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ಒಳ್ಳೆಯವರು, ಪ್ರೀತಿಯುಳ್ಳವರು, ಮತ್ತು ಎರಡು ಸಲವೂ ತಪ್ಪು ಮಾಡುವವರು. ಅಲಮೇಲುವನ್ನು ಬಿಟ್ಟುಕೊಡು ಎಂದು ಶಿಷ್ಯನನ್ನು ಒಪ್ಪಿಸುತ್ತಾರೆ. ಆ ತ್ಯಾಗದ ಫಲ ಏನಾಯಿತೆಂದು ರಾಮಾಚಾರಿಗೆ ಗೊತ್ತಾಗುವುದು ವರ್ಷಗಳ ಮೇಲೆ, ಹೋಟೆಲಿನಲ್ಲಿ ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಅವಳನ್ನು ಕಂಡಾಗ. ಎರಡನೆಯ ಸಲ, ರಾಮಾಚಾರಿ ಆಮೇಲೆ ಪ್ರೀತಿಸಿದ ಮಾರ್ಗರೆಟ್‌ಳ ವಿಷಯದಲ್ಲಿ, ಅವನು ಮೇಷ್ಟ್ರ ಮಾತು ಕೇಳುವುದಿಲ್ಲ. ಬೆಟ್ಟದ ತುದಿಯಲ್ಲಿ ನಡೆಯುವ ಆ ಜಗಳ ಮೂವರ ಸಾವಿನಲ್ಲಿ ಮುಗಿಯುತ್ತದೆ. ಗುರುವನ್ನು ದೇವರೆನ್ನುವ ನಾಡಿನಲ್ಲಿ, ಗುರುವಿನ ಒಳ್ಳೆಯತನವೇ ಶಿಷ್ಯನ ಬದುಕನ್ನು ಮುರಿಯಬಹುದು ಎಂದು ತೋರಿಸಿದ ಜನಪ್ರಿಯ ಚಿತ್ರ ಇದು. ನಾವು ಮಾತ್ರ ‘ಹಾವಿನ ದ್ವೇಷ’ ಹಾಡನ್ನು ಗುನುಗಿಕೊಂಡು ಬಂದುಬಿಡುತ್ತೇವೆ.

ಮತ್ತೆ ಚಿತ್ರದುರ್ಗ. ಆ ಬಂಡೆಗಳಿಲ್ಲದೆ ರಾಮಾಚಾರಿಯನ್ನು ಊಹಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಕೋಟೆ ನೋಡಲು ಹೋದವರು ಇತಿಹಾಸದ ಜೊತೆಗೆ ಚಿತ್ರದ ಜಾಗಗಳನ್ನೂ ಹುಡುಕುತ್ತಾರೆ.

ಒನಕೆ ಓಬವ್ವನ ಹಾಡಿಗೂ ಕಥೆಗೂ ಏನು ಸಂಬಂಧ?

ಕಥೆ ಮುಂದೆ ಹೋಗಲು ಅದು ಬೇಕೇ ಎಂದು ಕೇಳಿದರೆ, ಬೇಡ. ತೆಗೆದರೂ ರಾಮಾಚಾರಿಯ ಬದುಕಿನಲ್ಲಿ ಏನೂ ಬದಲಾಗುವುದಿಲ್ಲ. ಆದರೂ ಅದನ್ನು ತೆಗೆಯಲು ಯಾರಿಗೆ ಧೈರ್ಯ? ಪಿ. ಬಿ. ಶ್ರೀನಿವಾಸ್ ಅವರ ದನಿ ಕಥೆ ಹೇಳುತ್ತ ಹೋಗುತ್ತದೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಹೆಂಡತಿ ನೀರು ತರಲು ಹೊರಟಿದ್ದಾಳೆ, ಬಂಡೆಯ ಕಿಂಡಿಯಲ್ಲಿ ಸದ್ದು. ಜಯಂತಿ ಒನಕೆ ಹಿಡಿದು ಕಿಂಡಿಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ತೂರಿ ಬಂದ ತಲೆಗೆ ಒಂದೇಟು, ಹೆಣವನ್ನು ಪಕ್ಕಕ್ಕೆ ಎಳೆಯುವುದು, ಮತ್ತೆ ನಿಲ್ಲುವುದು. ಆ ಎಳೆಯುವ ಕೆಲಸವನ್ನು ಗಮನಿಸಿ. ವೀರಗೀತೆಗಳು ಸಾಮಾನ್ಯವಾಗಿ ಏಟನ್ನು ತೋರಿಸುತ್ತವೆ, ಹೆಣ ಎಳೆಯುವುದನ್ನು ತೋರಿಸುವುದಿಲ್ಲ. ಇಲ್ಲಿ ಅದೂ ಭತ್ತ ಕುಟ್ಟಿದಷ್ಟೇ ಮೈಮುರಿಯುವ ಕೆಲಸ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ರಟ್ಟಿನ ಒನಕೆ ಹಿಡಿದ ಹುಡುಗಿಯರು ಅರ್ಧ ಶತಮಾನದಿಂದ ಈ ಹಾಡಿಗೇ ಕುಣಿಯುತ್ತಿದ್ದಾರೆ.

ಹಾಡುಗಳ ಚಿತ್ರೀಕರಣದಲ್ಲಿ ಅಂಥ ವಿಶೇಷವೇನು?

ಕವಿಗಳ ಮೇಲೆ ಅವರಿಗೆ ನಂಬಿಕೆ ಇತ್ತು, ಅದು ಮೊದಲನೆಯದು. ‘ಬೆಳ್ಳಿಮೋಡ’ದ ‘ಮೂಡಲ ಮನೆಯ’ ಬೇಂದ್ರೆಯವರ ಕವಿತೆ. ಎಸ್. ಜಾನಕಿಯವರ ದನಿಯಲ್ಲಿ ಅದನ್ನು ಕೇಳಿದ ಮೇಲೆ ಪುಸ್ತಕದಲ್ಲಿ ಓದುವಾಗಲೂ ಅದೇ ರಾಗ ಬರುತ್ತದೆ. ‘ಶರಪಂಜರ’ದ ‘ಉತ್ತರಧ್ರುವದಿಂ’ ಕೂಡ ಬೇಂದ್ರೆಯವರದೇ. ‘ಮಾನಸ ಸರೋವರ’ದಲ್ಲಿ ಜಿ. ಎಸ್. ಶಿವರುದ್ರಪ್ಪನವರ ‘ಹಾಡು ಹಳೆಯದಾದರೇನು’, ‘ವೇದಾಂತಿ ಹೇಳಿದನು’ ಬಂದವು. ‘ಶುಭಮಂಗಳ’ದ ‘ಸೂರ್ಯಂಗೂ ಚಂದ್ರಂಗೂ’ ಎಂ. ಎನ್. ವ್ಯಾಸರಾವ್ ಅವರದು. ಇವರ ಜೊತೆಗೆ ವಿಜಯನಾರಸಿಂಹ ಅವರಂಥ ಚಿತ್ರಸಾಹಿತಿ. ಸಂಗೀತಕ್ಕೆ ಹೆಚ್ಚಾಗಿ ವಿಜಯಭಾಸ್ಕರ್, ಕೆಲವು ಚಿತ್ರಗಳಿಗೆ ಎಂ. ರಂಗರಾವ್.

ಎರಡನೆಯದು ಚಿತ್ರಿಸುವ ರೀತಿ. ‘ನಾಗರಹಾವು’ ಚಿತ್ರದ ‘ಬಾರೇ ಬಾರೇ’ ಹಾಡನ್ನು ಪೂರ್ತಿಯಾಗಿ ನಿಧಾನಗತಿಯಲ್ಲಿ ತೆಗೆದರು. ಈಗ ಪ್ರತಿ ಮದುವೆಯ ವಿಡಿಯೊದಲ್ಲಿಯೂ ನಿಧಾನಗತಿ ಇರುತ್ತದೆ. ಆಗ ಜನ ಟೆಂಟಿನಲ್ಲಿ ನೆಲದ ಮೇಲೆ ಕೂತು, ಯಂತ್ರ ಕೆಟ್ಟಿದೆಯೇ ಎಂದು ಹಿಂದಿರುಗಿ ನೋಡಿದರಂತೆ. ಇದು ನಮ್ಮಪ್ಪ ಹೇಳುತ್ತಿದ್ದ ಮಾತು, ಸ್ವಲ್ಪ ಉಪ್ಪು ಖಾರ ಸೇರಿರಬಹುದು.

ಮೂರನೆಯದನ್ನು ಜನ ಅಷ್ಟಾಗಿ ಹೇಳುವುದಿಲ್ಲ: ಹಾಡಿನ ಮಾತಿಗೂ ತೆರೆಯ ಮೇಲಿನ ಸಂಗತಿಗೂ ನಡುವೆ ಬಿರುಕು ಇಡುವುದು. ‘ಶರಪಂಜರ’ದಲ್ಲಿ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ವನವಾಸ ಮುಗಿಸಿ ಸೀತೆ ಮರಳಿ ಬಂದಳು ಎಂಬ ಹಾಡು. ಕೇಳಲು ಸಂಭ್ರಮ. ರಾಮಾಯಣ ಬಲ್ಲ ಯಾರಿಗಾದರೂ, ಅಯೋಧ್ಯೆಗೆ ಮರಳಿದ ಸೀತೆಗೆ ಮುಂದೆ ಏನಾಯಿತು ಎಂಬುದು ಗೊತ್ತಿರುತ್ತದೆ. ಹಾಡು ಅದನ್ನು ಹೇಳುವುದಿಲ್ಲ. ಆಮೇಲಿನ ಚಿತ್ರ ಹೇಳುತ್ತದೆ.

‘ಶರಪಂಜರ’ ನೋಡಲು ಅಷ್ಟು ಕಷ್ಟ ಎನ್ನುತ್ತಾರಲ್ಲ?

ಕಷ್ಟವೇ. ಎರಡನೆಯ ಬಾಣಂತನದ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಹಿಂದೆ ಯಾವಾಗಲೋ ಆಗಿದ್ದ ಗಾಯ ಮೇಲಕ್ಕೆ ಬರುತ್ತದೆ. ಚಿಕಿತ್ಸೆಯಾಗಿ, ವೈದ್ಯರು ಗುಣವಾಗಿದೆ ಎಂದು ಕಳುಹಿಸಿದ ಮೇಲೆ ಆರಂಭವಾಗುವುದು ನಿಜವಾದ ಕಾಯಿಲೆ, ಮತ್ತು ಅದು ಅವಳದಲ್ಲ, ಸುತ್ತಲಿನವರದು. ನಕ್ಕರೆ ಹುಚ್ಚಿ, ಸುಮ್ಮನಿದ್ದರೆ ಹುಚ್ಚಿ, ಸಿಟ್ಟಾದರಂತೂ ಹೇಳುವುದೇ ಬೇಡ. ಗಂಡ ಬೇರೆ ಕಡೆ ಮನಸ್ಸು ಇಟ್ಟಿದ್ದಾನೆ. ಕೊನೆಗೆ ಅವಳನ್ನು ಮತ್ತೆ ಹುಚ್ಚಿಗೆ ತಳ್ಳುತ್ತಾರೆ.

ಬಾಣಂತಿಯ ಮಾನಸಿಕ ಕಾಯಿಲೆ ಎಂಬುದಕ್ಕೆ ನಮ್ಮ ಮನೆಗಳಲ್ಲಿ ಆಗ ಬಳಸುತ್ತಿದ್ದ ಮಾತುಗಳು ಎರಡೇ: ಸನ್ನಿ ಮತ್ತು ದೆವ್ವ. ಅದು ಕಾಯಿಲೆ, ಅದಕ್ಕೆ ಆಸ್ಪತ್ರೆ ಇದೆ, ವಾಸಿಯಾಗುತ್ತದೆ ಎಂದು ಟಾಕೀಸು ತುಂಬಿದ ಜನಕ್ಕೆ ಹೇಳಿದ್ದು ಈ ಚಿತ್ರ. ‘ಗೆಜ್ಜೆಪೂಜೆ’ಯಂತೆ ಇದಕ್ಕೂ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು.

ನಮ್ಮ ಅಜ್ಜಿಯ ಒಂದು ಸಂಗತಿ ಹೇಳುತ್ತೇನೆ. ದೂರದರ್ಶನದಲ್ಲಿ ಭಾನುವಾರ ಸಂಜೆ ‘ಶರಪಂಜರ’ ಬಂದರೆ ಅವರು ಮುಂದಿನ ಸಾಲಿನಲ್ಲಿ, ಹುರುಳಿಕಾಯಿ ಬಿಡಿಸುತ್ತ ಕೂರುತ್ತಿದ್ದರು. ಕಾವೇರಿ ಆಸ್ಪತ್ರೆಯಿಂದ ಬರುವವರೆಗೂ ನೋಡುತ್ತಿದ್ದರು. ಹಾಡು ಮುಗಿದ ಕೂಡಲೇ ಮೊರ ಎತ್ತಿಕೊಂಡು ಒಳಗೆ ಹೋಗಿ ಸಾರಿಗೆ ಇಡುತ್ತಿದ್ದರು. ಏಕೆ ಎಂದು ಕೇಳಿದರೆ, “ಮುಂದಿನದು ನನಗೆ ಗೊತ್ತು” ಎನ್ನುತ್ತಿದ್ದರು. ಚಿತ್ರದ ಕಥೆ ಗೊತ್ತು ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಕಲ್ಪನಾ ಇಲ್ಲದಿದ್ದರೆ ಪುಟ್ಟಣ್ಣ ಇಷ್ಟು ದೊಡ್ಡ ನಿರ್ದೇಶಕರಾಗುತ್ತಿದ್ದರೇ?

ಪುಟ್ಟಣ್ಣ ಇಲ್ಲದಿದ್ದರೆ ಕಲ್ಪನಾ ಮಿನುಗುತಾರೆಯಾಗುತ್ತಿದ್ದರೇ ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ಎರಡೂ ಬೇಡದ ವಾದ. ‘ಬೆಳ್ಳಿಮೋಡ’, ‘ಕಪ್ಪು ಬಿಳುಪು’, ‘ಗೆಜ್ಜೆಪೂಜೆ’, ‘ಕರುಳಿನ ಕರೆ’, ‘ಶರಪಂಜರ’ – ನಾಲ್ಕೈದು ವರ್ಷಗಳಲ್ಲಿ ಇಬ್ಬರೂ ಸೇರಿ ಮಾಡಿದ್ದನ್ನು ಯಾರ ಖಾತೆಗೆ ಎಷ್ಟು ಎಂದು ಹಂಚುವುದು ಹೇಗೆ? ಅನಂತರದ ಕಾಲ ಆರತಿಯವರದು. ‘ಗೆಜ್ಜೆಪೂಜೆ’ಯಲ್ಲಿ ಸಣ್ಣ ಪಾತ್ರದಿಂದ ಬಂದವರು ‘ನಾಗರಹಾವು’, ‘ಉಪಾಸನೆ’, ‘ಶುಭಮಂಗಳ’, ‘ಧರ್ಮಸೆರೆ’ ದಾಟಿ ‘ರಂಗನಾಯಕಿ’ಗೆ ಬರುವ ಹೊತ್ತಿಗೆ ಇಡೀ ಚಿತ್ರವನ್ನು ಹೊರುವ ನಟಿಯಾಗಿದ್ದರು. ಕೊನೆಯ ಘಟ್ಟದಲ್ಲಿ ಪದ್ಮಾ ವಾಸಂತಿ. ನಟಿಯರ ಮುಖವನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡುವ ತಾಳ್ಮೆ ಆಗಿನ ಬೇರೆ ನಿರ್ದೇಶಕರಿಗೆ ಕಡಿಮೆ.

ರಾಜ್‌ಕುಮಾರ್ ಜೊತೆ ಎಷ್ಟು ಚಿತ್ರಗಳು?

ಮೂರು. ‘ಮಲ್ಲಮ್ಮನ ಪವಾಡ’ (1969), ‘ಕರುಳಿನ ಕರೆ’ (1970), ‘ಸಾಕ್ಷಾತ್ಕಾರ’ (1971). ಮೊದಲನೆಯದರಲ್ಲಿ ವಜ್ರಮುನಿ ಬೆಳಕಿಗೆ ಬಂದರು. ‘ಸಾಕ್ಷಾತ್ಕಾರ’ದಲ್ಲಿ ಹಿಂದಿ ಚಿತ್ರರಂಗದ ಹಿರಿಯರಾದ ಪೃಥ್ವಿರಾಜ್ ಕಪೂರ್ ರಾಜ್‌ಕುಮಾರ್ ಅವರ ತಂದೆಯಾಗಿ ನಟಿಸಿದ್ದಾರೆ, ಜಮುನಾ ನಾಯಕಿ. ‘ಒಲವೇ ಜೀವನ ಸಾಕ್ಷಾತ್ಕಾರ’ ಹಾಡನ್ನು ಬರೆದದ್ದು ಪುಟ್ಟಣ್ಣನವರ ಅಣ್ಣ ಪ್ರಭಾಕರ ಶಾಸ್ತ್ರಿಗಳು. ಮೂರಕ್ಕೇ ಏಕೆ ನಿಂತಿತು ಎಂಬುದಕ್ಕೆ ಕಟ್ಟೆ ಪುರಾಣಗಳು ಬೇಕಾದಷ್ಟಿವೆ. ನನ್ನ ಲೆಕ್ಕದಲ್ಲಿ ಕಾರಣ ಸರಳ. ರಾಜ್‌ಕುಮಾರ್ ಚಿತ್ರ ಎಂದರೆ ನಾಯಕನ ಸುತ್ತ ತಿರುಗಬೇಕಿತ್ತು. ಪುಟ್ಟಣ್ಣನವರ ಕ್ಯಾಮೆರಾ ಎಷ್ಟು ಕಟ್ಟಿಹಾಕಿದರೂ ನಾಯಕಿಯ ಕಡೆಗೇ ತಿರುಗುತ್ತಿತ್ತು.

ಅವರ ಚಿತ್ರಗಳಲ್ಲಿ ಹೆಣ್ಣುಮಕ್ಕಳು ಒಂದೋ ಸಾಯುತ್ತಾರೆ, ಇಲ್ಲವೇ ಹುಚ್ಚರಾಗುತ್ತಾರೆ. ಇದು ಸ್ತ್ರೀಪರ ಹೇಗಾಗುತ್ತದೆ?

ನನ್ನ ಮಗಳು ಕೇಳಿದ ಪ್ರಶ್ನೆ ಇದು. ಪಟ್ಟಿಯನ್ನೂ ಅವಳೇ ಮಾಡಿ ತಂದಿದ್ದಳು. ‘ಗೆಜ್ಜೆಪೂಜೆ’ಯ ಚಂದ್ರಾ ಸಾಯುತ್ತಾಳೆ. ಕಾವೇರಿಗೆ ಹುಚ್ಚು. ಅಲಮೇಲು ಬೀದಿಪಾಲು, ಮಾರ್ಗರೆಟ್ ಬೆಟ್ಟದಿಂದ ಕೆಳಗೆ. ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಗೂ ಬಿಡುಗಡೆ ಇಲ್ಲ.

ಉತ್ತರ ಹುಡುಕಲು ನನಗೆ ಸಮಯ ಹಿಡಿಯಿತು. ಮೊದಲಿಗೆ, ಆರೋಪದಲ್ಲಿ ಹುರುಳಿದೆ. ಮಾಧವಿಯ ವಿಷಯದಲ್ಲಿ ಪುಟ್ಟಣ್ಣ ಹಿಂಜರಿದರು ಎಂದೇ ನನ್ನ ಅಭಿಪ್ರಾಯ. ಗಂಡನಿಂದ ದೇಹಸುಖ ಸಿಗದ ಹೆಣ್ಣು ಹರೆಯದ ಹುಡುಗನತ್ತ ಸೆಳೆತಕ್ಕೆ ಒಳಗಾಗುವುದನ್ನು 1973ರಲ್ಲಿ ಜಯಂತಿಯವರಂಥ ತಾರೆಯಿಂದ ಮಾಡಿಸುವ ಎದೆಗಾರಿಕೆ ಅವರಿಗಿತ್ತು. ಅವಳ ಆಸೆಯನ್ನು ಹೇಸಿಗೆ ಎಂದು ತೋರಿಸಲಿಲ್ಲ. ಆದರೆ ಕೊನೆಗೆ ಶಿಕ್ಷೆಯನ್ನು ಅವಳಿಗೇ ವಿಧಿಸಿದರು.

‘ಗೆಜ್ಜೆಪೂಜೆ’ಯಲ್ಲಿ ಹಾಗಲ್ಲ. ಹುಡುಗಿಯ ಕಾಲಿನ ಗೆಜ್ಜೆಗೆ ಪೂಜೆ ಮಾಡಿ ಅವಳನ್ನು ದಂಧೆಗೆ ಇಳಿಸುವ ಶಾಸ್ತ್ರ ಅದು. ಚಂದ್ರಾ ಓದಿದ್ದಾಳೆ, ಪ್ರೀತಿಸಿದ್ದಾಳೆ, ಎಲ್ಲರಂತೆ ಸಂಸಾರ ಮಾಡಬೇಕೆಂದಿದ್ದಾಳೆ. ಅವಳು ಯಾವ ತಪ್ಪನ್ನೂ ಮಾಡುವುದಿಲ್ಲ. ಮರ್ಯಾದಸ್ಥರ ಓಣಿ ಅವಳನ್ನು ಒಂದೊಂದೇ ಬಾಗಿಲು ಮುಚ್ಚಿ ಹಿಂದಕ್ಕೆ ತಳ್ಳುತ್ತದೆ. ಅವಳು ಸತ್ತಾಗ ಪ್ರೇಕ್ಷಕ ತಾನು ಯಾವ ಬಾಗಿಲು ಮುಚ್ಚಿದ್ದೆ ಎಂದು ಯೋಚಿಸಬೇಕಾಗುತ್ತದೆ. ಅವಳಿಗೆ ಮದುವೆ ಮಾಡಿಸಿ ಕಳುಹಿಸಿದ್ದರೆ ನಾವು ನೆಮ್ಮದಿಯಿಂದ ಮನೆಗೆ ಹೋಗಿ ಊಟ ಮಾಡುತ್ತಿದ್ದೆವು. ಆ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಮಗಳು ಒಪ್ಪಲಿಲ್ಲ. “ನೆಮ್ಮದಿ ಕೆಡಿಸುವುದಕ್ಕೆ ಪ್ರತಿ ಸಲವೂ ಹೆಣ್ಣೇ ಸಾಯಬೇಕೇನಪ್ಪಾ?” ಎಂದಳು. ಈ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ‘ಬೆಳ್ಳಿಮೋಡ’ದ ಇಂದಿರಾ ಒಬ್ಬಳೇ.

ರಜನೀಕಾಂತ್ ಪುಟ್ಟಣ್ಣನವರ ಚಿತ್ರದಲ್ಲಿ ನಟಿಸಿದ್ದಾರೆಯೇ?

ನಟಿಸಿದ್ದಾರೆ, ಖಳನಾಗಿ. 1976ರ ‘ಕಥಾಸಂಗಮ’ ಮೂರು ಸಣ್ಣಕಥೆಗಳನ್ನು ಪೋಣಿಸಿದ ಚಿತ್ರ: ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಎಲಬುರ್ಗಿಯವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’. ಮೂರನೆಯದರಲ್ಲಿ ಆರತಿ ಕುರುಡಿ, ರಜನೀಕಾಂತ್ ಅವಳ ಮೇಲೆ ಎರಗುವ ಪುಂಡ. ಅದು ಅವರ ಮೊದಲ ಕನ್ನಡ ಚಿತ್ರ. ಬಿಡಿ ಕಥೆಗಳನ್ನು ಒಂದೇ ಟಿಕೆಟ್ಟಿನಲ್ಲಿ ತೋರಿಸುವ ಧೈರ್ಯ ಆಗ ಯಾರಿಗೂ ಇರಲಿಲ್ಲ. 2019ರಲ್ಲಿ ಏಳು ನಿರ್ದೇಶಕರು ಸೇರಿ ಅದೇ ಹೆಸರಿನಲ್ಲಿ ಮಾಡಿದ ಚಿತ್ರ ಪುಟ್ಟಣ್ಣನವರಿಗೆ ಸಲ್ಲಿಸಿದ ಗೌರವ.

ಅವರದು ಕಲಾತ್ಮಕ ಚಿತ್ರವೋ ವ್ಯಾಪಾರಿ ಚಿತ್ರವೋ?

1970ರಲ್ಲಿ ‘ಸಂಸ್ಕಾರ’ ಬಂದು ಹೊಸ ಅಲೆ ಎದ್ದಿತು. ಹಾಡಿಲ್ಲದ, ಮಾತು ಕಡಿಮೆಯಿರುವ ಚಿತ್ರಗಳಿಗೆ ಪ್ರಶಸ್ತಿ, ಗೌರವ. ಇನ್ನೊಂದು ಕಡೆ ಹೊಡೆದಾಟ, ಕ್ಯಾಬರೆ. ಪುಟ್ಟಣ್ಣ ಎರಡೂ ಪಂಕ್ತಿಯಲ್ಲಿ ಕೂರಲಿಲ್ಲ. ಅವರಿಗೆ ಹಾಡೂ ಬೇಕು, ಕಣ್ಣೀರೂ ಬೇಕು, ಗಂಭೀರವಾದ ಕಥೆಯೂ ಬೇಕು. ವಿಮರ್ಶಕರು ಅತಿಭಾವುಕ ಎಂದರು. ಅದು ಸುಳ್ಳಲ್ಲ. ಪಾತ್ರಕ್ಕೆ ಆಘಾತವಾದರೆ ಕ್ಯಾಮೆರಾ ಗಿರ್ರನೆ ನುಗ್ಗುತ್ತದೆ, ವಯೊಲಿನ್‌ಗಳೆಲ್ಲ ಒಟ್ಟಿಗೆ ಚೀರುತ್ತವೆ, ಗುಡುಗು ಸಿಡಿಲು ಹೇಳಿಕಳುಹಿಸಿದಂತೆ ಬರುತ್ತವೆ. ಇವತ್ತು ನೋಡಿದರೆ ನನಗೂ ಕೆಲವೊಮ್ಮೆ ನಗು ಬರುತ್ತದೆ. ಆದರೆ ಆ ಗದ್ದಲದ ನಡುವೆಯೇ ನಟಿಯೊಬ್ಬಳು ತಲೆ ತಗ್ಗಿಸಿ ಸೆರಗಿನ ಅಂಚನ್ನು ಸುತ್ತುತ್ತಿರುತ್ತಾಳೆ. ಅಲ್ಲಿ ಕಣ್ಣಿಡಿ.

ಸೋತ ಚಿತ್ರಗಳೇ ಇಲ್ಲವೇ?

ಏಕಿಲ್ಲ? ರಿಷಿ ಕಪೂರ್ ಅವರನ್ನು ಇಟ್ಟುಕೊಂಡು ‘ನಾಗರಹಾವು’ ಚಿತ್ರವನ್ನು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ (1974) ಎಂದು ತಾವೇ ಮಾಡಿದರು. ಆರ್. ಡಿ. ಬರ್ಮನ್ ಸಂಗೀತದ ‘ಓ ಹಂಸಿನಿ’ ಹಾಡು ಉಳಿಯಿತು, ಚಿತ್ರ ಉಳಿಯಲಿಲ್ಲ. ಚಾಮಯ್ಯ ಮೇಷ್ಟ್ರು ಹಿಂದಿ ಮಾತಾಡಿದರೆ ಹೇಗೆ ಮೇಷ್ಟ್ರಾಗುತ್ತಾರೆ? ಇದಕ್ಕೆ ವಿರುದ್ಧವಾಗಿ ‘ಪಡುವಾರಳ್ಳಿ ಪಾಂಡವರು’ (1978) ಹಿಂದಿಗೆ ‘ಹಮ್ ಪಾಂಚ್’ ಆಗಿ ಹೋಗಿ ಗೆದ್ದಿತು. ಅದನ್ನು ನಿರ್ದೇಶಿಸಿದವರು ಬಾಪು.

ಕೊನೆಯ ವರ್ಷಗಳ ಚಿತ್ರಗಳನ್ನು ಸೋತವು ಎಂದು ತಳ್ಳಿಹಾಕುವುದು ರೂಢಿ. ನಾನು ಒಪ್ಪುವುದಿಲ್ಲ. ‘ರಂಗನಾಯಕಿ’ (1981) ಅವರ ಅತ್ಯಂತ ಅಪಾಯಕಾರಿ ಚಿತ್ರ. ಮದುವೆಗಾಗಿ ರಂಗಭೂಮಿ ಬಿಟ್ಟ ನಟಿ, ಸಂಸಾರ ಮುರಿದ ಮೇಲೆ ಸಿನಿಮಾ ತಾರೆಯಾಗುತ್ತಾಳೆ. ಅವಳು ತನ್ನ ತಾಯಿ ಎಂದು ಅರಿಯದ ಮಗ ಅವಳಲ್ಲಿ ಅನುರಕ್ತನಾಗುತ್ತಾನೆ. ಇಂಥ ಕಥೆಯನ್ನು ಕುಟುಂಬ ಸಮೇತ ನೋಡಲು ಬಂದವರ ಮುಂದೆ ಇಟ್ಟರು. ‘ಮಾನಸ ಸರೋವರ’ದಲ್ಲಿ (1982) ಮನೋವೈದ್ಯ ತಾನು ಗುಣಪಡಿಸಿದ ಹುಡುಗಿಯನ್ನು ಪ್ರೀತಿಸಿ, ಅವಳು ಸಿಗದೆ, ತಾನೇ ಹುಚ್ಚನಾಗುತ್ತಾನೆ. ಇಲ್ಲಿ ಹುಚ್ಚನಾಗುವವನು ಗಂಡು ಎಂದು ಮಗಳಿಗೆ ಹೇಳಿದೆ. ಅರ್ಧ ಅಂಕ ಕೊಟ್ಟಳು.

ಬೇರೆ ಭಾಷೆಯ ನಿರ್ದೇಶಕರ ಮೇಲೆ ಅವರ ಪ್ರಭಾವವಿದೆಯೇ?

ತಮಿಳಿನ ಭಾರತಿರಾಜ ಪುಟ್ಟಣ್ಣನವರ ಬಳಿ ಸಹಾಯಕರಾಗಿದ್ದವರು. ಹಳ್ಳಿಯನ್ನು ಸ್ಟುಡಿಯೊದ ಒಳಗೆ ಕಟ್ಟದೆ ಹಳ್ಳಿಗೇ ಹೋಗಿ ತೆಗೆಯುವ ಅವರ ಹಾದಿಯನ್ನು ನೋಡಿದರೆ ಗುರು ಯಾರೆಂದು ಕೇಳಬೇಕಾಗಿಲ್ಲ. ಕೆ. ಬಾಲಚಂದರ್ ಕೂಡ ಇವರನ್ನು ಗುರುವಿನ ಸ್ಥಾನದಲ್ಲಿ ಇಟ್ಟು ಮಾತನಾಡುತ್ತಿದ್ದರು.

ಅವರ ವೈಯಕ್ತಿಕ ಬದುಕಿನ ಬಗ್ಗೆ ಏಕೆ ಬರೆದಿಲ್ಲ?

ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಅವರ ಕೊನೆಯ ಚಿತ್ರ ಯಾವುದು?

‘ಮಸಣದ ಹೂವು’. ಮತ್ತೆ ತ. ರಾ. ಸು. ಕಾದಂಬರಿ, ಮತ್ತೆ ಜಯಂತಿ, ಅಂಬರೀಶ್. ಚಿತ್ರ ಪೂರ್ತಿಯಾಗುವ ಮೊದಲೇ ಪುಟ್ಟಣ್ಣ ಹೊರಟುಹೋದರು. ಉಳಿದ ಭಾಗವನ್ನು ಗೆಳೆಯ ಕೆ. ಎಸ್. ಎಲ್. ಸ್ವಾಮಿಯವರು, ನಮ್ಮೆಲ್ಲರ ‘ರವೀ’, ಮುಗಿಸಿದರು. ಅರವತ್ತರ ದಶಕದಲ್ಲಿ ಆರಂಭವಾಗಿ ಅರ್ಧಕ್ಕೆ ನಿಂತಿದ್ದ ‘ಸಾವಿರ ಮೆಟ್ಟಿಲು’ ಚಿತ್ರವನ್ನೂ ಅವರೇ ಪೂರೈಸಿದರು. ಅದು ತೆರೆಗೆ ಬಂದದ್ದು 2006ರಲ್ಲಿ. 1979ರಲ್ಲಿ ತೀರಿಕೊಂಡ ಕಲ್ಪನಾ, ಆರಂಭದ ದಿನಗಳ ಮುಖ ಹೊತ್ತು, ಹೊಸ ಶತಮಾನದ ಚಿತ್ರಮಂದಿರದಲ್ಲಿ ಕಾಣಿಸಿಕೊಂಡರು. ನಾನು ಹೋದ ಆಟದಲ್ಲಿ ಹನ್ನೊಂದು ಜನ ಇದ್ದೆವು. ಎಣಿಸಿದೆ.

ಅವರ ಹೆಸರಿನಲ್ಲಿ ಏನೇನಿದೆ?

ರಾಜ್ಯ ಸರ್ಕಾರ ನಿರ್ದೇಶಕರಿಗೆ ಕೊಡುವ ಪುಟ್ಟಣ್ಣ ಕಣಗಾಲ್ ಪ್ರಶಸ್ತಿ ಇದೆ. ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿ ಅವರ ಹೆಸರಿನ ಚಿತ್ರಮಂದಿರವಿತ್ತು, ಈಗ ಇಲ್ಲ. ರವಿಚಂದ್ರನ್ ಅವರ ‘ರಾಮಾಚಾರಿ’ (1991), ಯಶ್ ಅವರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ (2014) ಎರಡೂ ಚಿತ್ರದುರ್ಗದ ಆ ಹುಡುಗನ ಹೆಸರು ಹೊತ್ತವು. ರವಿಚಂದ್ರನ್ ‘ನಾಗರಹಾವು’ ನಿರ್ಮಾಪಕರ ಮಗ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಈಗ ಈ ಚಿತ್ರಗಳನ್ನು ಎಲ್ಲಿ ನೋಡಬಹುದು?

‘ನಾಗರಹಾವು’ 2018ರಲ್ಲಿ ಹೊಸ ಶಬ್ದ, ಹೊಸ ಬಣ್ಣದೊಂದಿಗೆ ಚಿತ್ರಮಂದಿರಕ್ಕೆ ಮರಳಿ ಬಂದಿತ್ತು. ಜನ ಶಿಳ್ಳೆ ಹೊಡೆದು ನೋಡಿದರು. ಉಳಿದವುಗಳಿಗೆ ಆ ಭಾಗ್ಯ ಬಂದಿಲ್ಲ. ಹೆಚ್ಚಿನವು ಯೂಟ್ಯೂಬಿನಲ್ಲಿ ಸಿಗುತ್ತವೆ, ಮಳೆ ಸುರಿದಂತೆ ಗೀರುಗಳಿರುತ್ತವೆ, ಮೂಲೆಯಲ್ಲಿ ಯಾವುದೋ ಕ್ಯಾಸೆಟ್ ಕಂಪನಿಯ ಮುದ್ರೆ ಕುಣಿಯುತ್ತಿರುತ್ತದೆ. ಟಿವಿಯಲ್ಲಿ ಬಂದರೆ ಜಾಹೀರಾತಿಗೆ ಜಾಗ ಮಾಡಲು ಕತ್ತರಿ ಆಡಿಸಿರುತ್ತಾರೆ.

ನೋಡುವ ಮೊದಲು ಒಂದು ಕೆಲಸ ಮಾಡಿ. ವಿಡಿಯೊದ ಕೊನೆಯ ಐದು ನಿಮಿಷಕ್ಕೆ ಹೋಗಿ, ‘ಶುಭಂ’ ಎಂದು ಬರುತ್ತದೆಯೋ ಇಲ್ಲವೋ ನೋಡಿ. ಎಷ್ಟೋ ಪ್ರತಿಗಳಲ್ಲಿ ಕೊನೆಯ ರೀಲು ಅರ್ಧಕ್ಕೇ ನಿಂತಿರುತ್ತದೆ. ಪುಟ್ಟಣ್ಣನವರ ಚಿತ್ರಕ್ಕೆ ಕೊನೆಯ ರೀಲು ಇಲ್ಲದಿದ್ದರೆ ನೋಡಿ ಪ್ರಯೋಜನವಿಲ್ಲ, ಬೇರೆ ಪ್ರತಿ ಹುಡುಕಿ.